ಐವಿಯ ಎರಡನೆಯ ಹೆಸರು

ನೆರಿಡಾ ಪೈಬಸ್ ಕೆಲಸಕ್ಕೆ ಸೇರಿದ ಕಾಲಕ್ಕೆ ಕಂಪ್ಯೂಟರ್ ಎಂದರೆ ಹುಡುಗಿ. ಮೆಲ್ಬರ್ನಿನಿಂದ ದಕ್ಷಿಣಕ್ಕೆ ಸಮುದ್ರ ದಾಟಿದರೆ ಸಿಗುವ ದ್ವೀಪದಲ್ಲಿ, ಹೋಬಾರ್ಟಿನ ಬಂದರಿನ ಹಿಂದುಗಡೆ, ಜಾಮ್ ಕಾರ್ಖಾನೆಯ ಮಗ್ಗುಲಿನಲ್ಲಿ, ನದಿ ನೀರಿನ ಲೆಕ್ಕ ನೋಡುವ ಸರ್ಕಾರಿ ಪ್ರಯೋಗಾಲಯವೊಂದಿತ್ತು. ಅದರ ಮಹಡಿಯ ಕೋಣೆಯ ಬಾಗಿಲ ಮೇಲೆ ‘ಕಂಪ್ಯೂಟರುಗಳು’ ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಒಳಗೆ ಹೋದರೆ ಎರಡು ಸಾಲು ಮೇಜು, ಮೇಜಿಗೊಂದು ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರ, ಯಂತ್ರಕ್ಕೊಬ್ಬಳು ಸ್ವೆಟರ್ ತೊಟ್ಟ ಹುಡುಗಿ. ಮೇಲಿನ ಬೆಟ್ಟಗಳಲ್ಲಿ ಎಷ್ಟು ಮಳೆ ಬಿದ್ದರೆ ಡರ್ವೆಂಟ್ ನದಿ ಎಷ್ಟು ಏರುತ್ತದೆ ಎಂಬುದನ್ನು ಆ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ಹಿಡಿಕೆ ತಿರುಗಿಸಿ ಹೇಳಬೇಕು. ಎಂಜಿನಿಯರುಗಳು ಅದನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿಕೊಳ್ಳಬೇಕು. ಲೋಕ ಹಾಗೆ ನಡೆಯುತ್ತಿತ್ತು, ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ನೆರಿಡಾ ಹ್ಯೂಅನ್ ಕಣಿವೆಯ ಕಡೆಯವಳು. ಅಪ್ಪ ದೋಣಿ ಕಟ್ಟುವವನು, ಅಮ್ಮ ಸೇಬಿನ ಕಾಲ ಬಂತೆಂದರೆ ಪ್ಯಾಕಿಂಗ್ ಶೆಡ್ಡಿಗೆ ಹೋಗುವವಳು. ಶಾಲೆಯಲ್ಲಿ ಲೆಕ್ಕದಲ್ಲಿ ಮುಂದು, ಮಾತಿನಲ್ಲಿ ಹಿಂದು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಅವಳ ತಲೆಯಲ್ಲಿ ಸಿದ್ಧವಾಗುತ್ತಿತ್ತು, ನಾಲಿಗೆಗೆ ಬರುವಷ್ಟರಲ್ಲಿ ಕೇಳಿದವರು ಎದ್ದುಹೋಗಿರುತ್ತಿದ್ದರು. ಇಂಥವಳು ಹೋಬಾರ್ಟಿಗೆ ಬಂದು, ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಟ್ರಂಕ್ ಇಟ್ಟು, ಆ ಮಹಡಿಯ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು ಹಿಡಿದಳು.

ಅವಳಿಗೆ ಕೆಲಸ ಕಲಿಸಿದವಳು ಐವಿ ಡ್ರಾನ್ಸ್‌ಫೀಲ್ಡ್. ಕೋಣೆಯಲ್ಲಿ ಎಲ್ಲರಿಗಿಂತ ಜಾಣೆ, ಎಲ್ಲರಿಗಿಂತ ಗಟ್ಟಿ ಗಂಟಲಿನವಳು. ತಪ್ಪು ಲೆಕ್ಕ ಅವಳ ಕಣ್ಣಿಗೆ ಹಾಲಿನಲ್ಲಿ ಬಿದ್ದ ನೊಣದಂತೆ ಕಾಣುತ್ತಿತ್ತು. ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಐವಿ ಒಬ್ಬ ಟ್ರಾಮ್ ಡ್ರೈವರನನ್ನು ಮದುವೆಯಾದಳು. ಶನಿವಾರ ಮದುವೆ, ಶುಕ್ರವಾರ ಸಂಜೆಗೆ ಅವಳ ನೌಕರಿ ಮುಗಿಯಿತು. ಆಗಿನ ಕಾನೂನೇ ಹಾಗಿತ್ತು. ಕೇಂದ್ರ ಸರ್ಕಾರದ ಖಾಯಂ ಕೆಲಸದಲ್ಲಿರುವ ಹೆಂಗಸು ಮದುವೆಯಾದರೆ ಅವತ್ತೇ ನಿವೃತ್ತಳಾದಳು ಎಂದು ಅರ್ಥ. ಗಂಡಸು ಮದುವೆಯಾದರೆ ಕಚೇರಿಯವರು ಚಂದಾ ಎತ್ತಿ ಒಂದು ಜೊತೆ ಟವೆಲ್ ಕೊಡುತ್ತಿದ್ದರು. ಹೆಂಗಸಿಗೂ ಅದೇ ಟವೆಲ್, ಜೊತೆಗೆ ಬಾಗಿಲು. ಟೀ ಮಾಡುವ ಮಿಸೆಸ್ ಕ್ವೇಫ್ ಮಾತ್ರ ಗಂಡನನ್ನೂ ಇಟ್ಟುಕೊಂಡು ಕೆಲಸವನ್ನೂ ಇಟ್ಟುಕೊಂಡಿದ್ದರು, ಏಕೆಂದರೆ ಅವರದು ಖಾಯಂ ಕೆಲಸವಲ್ಲ.

ಐವಿ ಹೋದ ವಾರವೇ ಕೆಳಗಿನ ಅಂತಸ್ತಿನ ಯಂತ್ರಕ್ಕೆ ಜೀವ ಬಂತು. ಪ್ರಯೋಗಾಲಯದ ಮುಖ್ಯಸ್ಥ ಡಾ. ಹಾರ್ಟ್‌ನಾಲ್ ಮತ್ತು ಅವರ ಮೆಕ್ಯಾನಿಕ್ ಮರ್ವ್ ಡಗ್ಗನ್ ಅದನ್ನು ವರ್ಷಗಟ್ಟಲೆ ಕಟ್ಟುತ್ತಲೇ ಇದ್ದರು. ಬಟ್ಟೆ ಬೀರುವಿನಂಥ ಉಕ್ಕಿನ ಕಪಾಟುಗಳ ಸಾಲು, ಒಳಗೆ ಗಾಜಿನ ಬಲ್ಬಿನಂತೆ ಕೆಂಪಗೆ ಉರಿಯುವ ವಾಲ್ವುಗಳು, ಕೆಳಗೆ ಪಾದರಸ ತುಂಬಿದ ಉದ್ದನೆಯ ಕೊಳವೆಗಳು. ಯಂತ್ರ ತನ್ನ ಅಂಕಿಗಳನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದುದು ಆ ಪಾದರಸದಲ್ಲಿ, ಗೂಡು ಗೂಡಾಗಿ. ಅದು ಮೊದಲ ಸಲ ಸರಿಯಾದ ಉತ್ತರ ಕೊಟ್ಟಾಗ ಮರ್ವ್ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಮಹಡಿ ಹತ್ತಿ ಬಂದ.

“ನಿಮ್ಮ ಐವಿ ಕುರ್ಚಿ ಖಾಲಿ ಇದೆ ಅಂತ ಅಳ್ತಾ ಕೂತಿದೀರಲ್ಲ, ಕೆಳಗೆ ಬಂದು ನೋಡಿ. ಅವಳಷ್ಟೇ ಜೋರು, ಅವಳಷ್ಟೇ ಗಲಾಟೆ. ಐವಿನೇ ವಾಪಸ್ ಬಂದಿದಾಳೆ ಕಣ್ರೇ.”

ಹೆಸರು ಅಂಟಿಕೊಂಡಿತು. ಕಾಗದಪತ್ರಗಳಲ್ಲಿ ಯಂತ್ರ ‘ಮಾರ್ಕ್ ಒನ್’ ಆಗಿತ್ತು. ಬಾಯಲ್ಲಿ ಐವಿ. ಐವಿಗೆ ಹುಷಾರಿಲ್ಲ, ಐವಿ ಇವತ್ತು ಮೈ ಬಿಸಿ ಮಾಡಿಕೊಳ್ಳಲು ಹೊತ್ತು ತಗೊಳ್ಳುತ್ತಾಳೆ, ಐವಿಯ ಹತ್ತಿರ ಜೋರಾಗಿ ನಡೆಯಬೇಡಿ. ನಿಜವಾದ ಐವಿ ಸೇಬಿನ ಶೆಡ್ಡಿನಲ್ಲಿ ಹಣ್ಣಿಗೆ ಕಾಗದ ಸುತ್ತುವ ಕೆಲಸ ಹಿಡಿದಿದ್ದಳು. ದಾರಿಯಲ್ಲಿ ಸಿಕ್ಕಾಗಲೆಲ್ಲ, “ಹೇಗಿದಾಳೆ ನನ್ನ ಸವತಿ?” ಎಂದು ಕೇಳಿ ನಗುತ್ತಿದ್ದಳು. ಆ ನಗು ನೆರಿಡಾಳಿಗೆ ಚುಚ್ಚುತ್ತಿತ್ತು. ಯಂತ್ರದ ಮೇಲೆ ಅವಳಿಗೆ ಅಷ್ಟು ಪ್ರೀತಿ ಇಲ್ಲದಿದ್ದರೆ ಬಹುಶಃ ಇಷ್ಟು ಚುಚ್ಚುತ್ತಿರಲಿಲ್ಲ.

ಪ್ರೀತಿ ಇತ್ತು, ಬೇಕಾದಷ್ಟಿತ್ತು. ಮಹಡಿಯ ಹುಡುಗಿಯರಲ್ಲಿ ನೆರಿಡಾ ಒಬ್ಬಳನ್ನು ಹಾರ್ಟ್‌ನಾಲ್ ಕೆಳಗೆ ಕರೆಸಿಕೊಂಡಿದ್ದರು. ಐವಿಗೆ ಒಂದು ಸಣ್ಣ ಲೌಡ್‌ಸ್ಪೀಕರ್ ಕಟ್ಟಿದ್ದರು, ಒಳಗೆ ಕೆಲಸ ನಡೆದಂತೆಲ್ಲ ಅದು ಕೀ, ಗೊರ್, ಟರ್ ಎನ್ನುತ್ತಿತ್ತು. ಸದ್ದು ಬದಲಾದ ಕೂಡಲೇ ಲೆಕ್ಕ ದಾರಿ ತಪ್ಪಿದೆ ಎಂದು ತಿಳಿದುಕೊಳ್ಳಬೇಕು. ಬೇರೆಯವರಿಗೆ ಅದು ಬರೀ ಗದ್ದಲ. ನೆರಿಡಾ ಮಾತ್ರ, ಯಂತ್ರಕ್ಕೆ ಉಣಿಸುವ ಕಾಗದದ ಟೇಪಿಗೆ ತೂತು ಹಾಕುವ ಪಂಚಿಂಗ್ ಮೇಜಿನಿಂದ ತಲೆ ಎತ್ತದೆಯೇ, “ನಿಲ್ಸಿ, ಒಂದೇ ಜಾಗದಲ್ಲಿ ಸುತ್ತುತಾ ಇದೆ” ಎನ್ನುತ್ತಿದ್ದಳು. ಜನರ ಜೊತೆ ಮಾತು ಬಾರದವಳಿಗೆ ಕಪಾಟಿನ ಜೊತೆ ಮಾತು ಬಂದಿತ್ತು. ಬೆಳಿಗ್ಗೆ ಬಾಗಿಲು ತೆರೆದಾಗ ಬರುವ ಬಿಸಿ ಧೂಳಿನ ವಾಸನೆಯನ್ನು ಅವಳು ಒಂದು ಸಲ ಆಳವಾಗಿ ಒಳಗೆಳೆದುಕೊಂಡೇ ಕೋಟು ತೆಗೆಯುತ್ತಿದ್ದಳು.

ಆಮೇಲೆ ಬ್ರೋನೆಕ್ ಸಿಕ್ಕಿದ. ಬ್ರೋನೆಕ್ ಮಾಲೆತ್ಸ್ಕಿ, ಯುದ್ಧ ಮುಗಿದ ಮೇಲೆ ಹಡಗು ಹತ್ತಿ ಬಂದ ಪೋಲೆಂಡಿನವನು, ಮೇಲಿನ ಬೆಟ್ಟಗಳ ಅಣೆಕಟ್ಟಿನ ಕ್ಯಾಂಪಿನಲ್ಲಿ ಕಾಂಕ್ರೀಟು ಸುರಿಯುವವನು. ತಿಂಗಳಿಗೋ ಎರಡು ತಿಂಗಳಿಗೋ ಕೆಳಗಿಳಿದು ಬಂದಾಗ ಶನಿವಾರದ ಕುಣಿತಕ್ಕೆ ಬರುತ್ತಿದ್ದ. ಅವನಿಗೆ ಇಂಗ್ಲಿಷ್ ಕಡಿಮೆ, ಅವಳಿಗೆ ಮಾತೇ ಕಡಿಮೆ. ಇಬ್ಬರೂ ಗೋಡೆಗೊರಗಿ ನಿಂತು, ಒಂದೇ ತಟ್ಟೆಯ ಸಾಸೇಜ್ ರೋಲ್ ತಿಂದು, ಅದನ್ನೇ ಪರಿಚಯ ಎಂದುಕೊಂಡರು. ಅವನು ಕಟ್ಟುತ್ತಿದ್ದ ಅಣೆಕಟ್ಟಿನ ನೀರಿನ ಲೆಕ್ಕ ಮಾಡಿದ್ದು ತಾನು ಎಂದು ಅವಳು ಹೇಳಿದಾಗ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡನಂತೆ. ಅಷ್ಟಾದ ಮೇಲೆ ಅವಳು ಬೇರೆ ಯಾರನ್ನೂ ನೋಡಲಿಲ್ಲ.

ಐವತ್ತಾರರ ಆಗಸ್ಟ್, ಅಲ್ಲಿ ಚಳಿಗಾಲ, ಊರ ಹಿಂದಿನ ಮೌಂಟ್ ವೆಲಿಂಗ್ಟನ್ನಿನ ನೆತ್ತಿಯ ಮೇಲೆ ಹಿಮ. ನದಿಯ ಮೇಲ್ದಂಡೆಯ ನ್ಯೂ ನಾರ್ಫೋಕ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ, ಇಬ್ಬರೂ ಮಳೆಕೋಟು ತೊಟ್ಟುಕೊಂಡೇ ಮದುವೆಯಾದರು. ಸಾಕ್ಷಿಗೆ ಗಂಟೆ ಹೊಡೆಯುವವನೂ ಅವನ ಹೆಂಡತಿಯೂ. ಸ್ವಂತ ತಾಯಿಗೂ ಹೇಳಲಿಲ್ಲ. ಬಾಗಿಲ ಹೊರಗೆ ಒಂದು ಕಪ್ ಟೀ ಕುಡಿದು ಬ್ರೋನೆಕ್ ಕ್ಯಾಂಪಿನ ಲಾರಿ ಹತ್ತಿದ, ನೆರಿಡಾ ಹೋಬಾರ್ಟಿನ ಬಸ್ಸು ಹತ್ತಿದಳು. ಸೋಮವಾರ ಬೆಳಿಗ್ಗೆ ಮಿಸ್ ಪೈಬಸ್ ಎಂದಿನಂತೆ ಕೆಲಸಕ್ಕೆ ಹಾಜರು.

ಕೆಲಸ ಬಿಡುವ ಯೋಚನೆ ಅವಳಿಗೆ ಬರಲೇ ಇಲ್ಲ ಎಂದಲ್ಲ. ಬಂತು, ರಾತ್ರಿ ನಿದ್ದೆ ಕೆಡಿಸಿತು, ಬೆಳಿಗ್ಗೆ ಆ ಬಿಸಿ ಧೂಳಿನ ವಾಸನೆ ಮೂಗಿಗೆ ಬಿದ್ದ ಕೂಡಲೇ ಓಡಿಹೋಯಿತು. ಇಡೀ ದ್ವೀಪದಲ್ಲಿ ಇಂಥ ಯಂತ್ರ ಇದ್ದದ್ದು ಇದೊಂದೇ. ಇಲ್ಲಿಂದ ಹೊರಬಿದ್ದರೆ ಅವಳ ವಿದ್ಯೆಗೆ ಸೇಬು ಸುತ್ತುವ ಕಾಗದದಷ್ಟೂ ಬೆಲೆಯಿಲ್ಲ. ಹಾಗಾಗಿ ಗುಟ್ಟು ಕಟ್ಟಿಕೊಂಡು ಬದುಕಿದಳು. ಉಂಗುರ ಬ್ರೋನೆಕನ ಹತ್ತಿರ ಕ್ಯಾಂಪಿನಲ್ಲೇ ಉಳಿಯಿತು. ಊಟದ ಹೊತ್ತಿಗೆ ಹುಡುಗಿಯರು “ನಿನಗ್ಯಾವಾಗಮ್ಮಾ?” ಎಂದು ರೇಗಿಸಿದರೆ ಇವಳು ಸ್ಯಾಂಡ್‌ವಿಚ್ ನೋಡುತ್ತಿದ್ದಳು. ಯಾರಾದರೂ ಹಿಂದಿನಿಂದ “ಮಿಸೆಸ್” ಎಂದು ಬೇರೆ ಯಾರನ್ನೋ ಕರೆದರೂ ತಿರುಗಿ ನೋಡದಂತೆ ತಲೆ ಬಗ್ಗಿಸುತ್ತಿದ್ದಳು. ಎರಡು ವರ್ಷ ಹೀಗೆ ಉಸಿರು ಬಿಗಿಹಿಡಿದು ಬದುಕುವುದು ಸುಮ್ಮನೆ ಮಾತಲ್ಲ.

ಐವತ್ತೆಂಟರಲ್ಲಿ ಹಾರ್ಟ್‌ನಾಲ್‌ರ ತಲೆಗೆ ಹೆಸರಿನ ಹುಳ ಹೊಕ್ಕಿತು. ಆ ಕಾಲದಲ್ಲಿ ಗತ್ತಿನ ಹೆಸರಿಲ್ಲದ ಯಂತ್ರವನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಅಮೆರಿಕದಲ್ಲಿ ಎನಿಯಾಕ್, ಇಂಗ್ಲೆಂಡಿನಲ್ಲಿ ಎಡ್ಸಾಕ್, ಸಿಡ್ನಿಯಲ್ಲಿ ಸಿಲಿಯಾಕ್. ಆ ಸಿಲಿಯಾಕನ್ನು ರೇಸಿನಲ್ಲಿ ಕುದುರೆ ಗೆದ್ದ ದುಡ್ಡಿನಲ್ಲಿ ಕಟ್ಟಿದ್ದು ಎಂದು ಮರ್ವ್ ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದ. ಮೆಲ್ಬರ್ನಿನ ಸೈರಾಕ್ ಕೂಡ ಮೊದಲು ಸಿಡ್ನಿಯಲ್ಲಿದ್ದಾಗ ಬರೀ ಮಾರ್ಕ್ ಒನ್ ಆಗಿತ್ತು. ಊರು ಬದಲಾಯಿಸಿದ ಮೇಲೆ ಅದಕ್ಕೂ ದೊಡ್ಡ ಹೆಸರು ಬಂತು. ಅಂದಮೇಲೆ ನಾವೇನು ಕಡಿಮೆ?

ಹೆಸರಿಡುವುದಕ್ಕೆ ಸಭೆಯ ಮೇಲೆ ಸಭೆ ನಡೆಯಿತು. ಟಾಸಿಯಾಕ್ ಎಂದರು, ಹೋಬಾಕ್ ಎಂದರು, ಒಂದೊಂದು ಅಕ್ಷರಕ್ಕೂ ಜಗಳ.

“ಯಾಕೆ ಎಲ್ಲದಕ್ಕೂ ಬಾಲದಲ್ಲಿ ಆಕ್ ಆಕ್?” ಎಂದರು ಟೀ ತಂದ ಮಿಸೆಸ್ ಕ್ವೇಫ್. “ಒಳ್ಳೇ ಹೊಟ್ಟೆನೋವಿನ ಔಷಧಿ ಹೆಸರುಗಳು ಇದ್ದಹಾಗಿವೆ.”

“ಐವಿಗೇನಾಗಿದೆ ಅಂತೀನಿ?” ಎಂದ ಮರ್ವ್.

“ಐವಿ ಅಂತ ಬರೆದು ಕಳಿಸಿದ್ರೆ ಕ್ಯಾನ್ಬೆರಾದವರು ಇನ್ನೊಂದು ವಾಲ್ವ್ ಕೂಡ ಕೊಡಲ್ಲ ಕಣಯ್ಯಾ,” ಎಂದರು ಹಾರ್ಟ್‌ನಾಲ್. ಕೊನೆಗೆ ನದಿಯ ಹೆಸರು ಸೇರಿಸಿ ‘ಡರ್ವಾಕ್’ ಎಂದು ತೀರ್ಮಾನವಾಯಿತು. ಹಿತ್ತಾಳೆಯ ಫಲಕ ಬಂತು. ಅದರ ಪರದೆ ಸರಿಸಲು ರಾಜಧಾನಿ ಕ್ಯಾನ್ಬೆರಾದಿಂದ ಆರ್ಪ್‌ವುಡ್ ಎಂಬ ದೊಡ್ಡ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ನೌಕರರನ್ನು ತೆಗೆಯುವ, ಇಡುವ ಇಲಾಖೆಯವರೇ ಅವರು. ಬರುವ ದಿನ ಯಾವುದೆಂದು ಕೇಳಿದ ನೆರಿಡಾ ಗೋಡೆಯ ಕ್ಯಾಲೆಂಡರನ್ನು ಎರಡು ಸಲ ನೋಡಿದಳು. ಅವತ್ತಿಗೆ ಅವಳ ಮದುವೆಯಾಗಿ ಸರಿಯಾಗಿ ಎರಡು ವರ್ಷ.

ಆ ದಿನ ಎಲ್ಲ ತಯಾರಿ ಮಾಡಿದ್ದವಳು ಅವಳೇ. ಬಂದ ಅತಿಥಿ ತಾನು ಹುಟ್ಟಿದ ತಾರೀಖು ಹೇಳಬೇಕು, ಯಂತ್ರ ಅದು ಯಾವ ವಾರವೆಂದು ಅಚ್ಚು ಹಾಕಿ ಕೊಡಬೇಕು. ಸಣ್ಣ ಆಟ, ಆದರೆ ದೊಡ್ಡವರಿಗೆ ಇಷ್ಟವಾಗುವ ಆಟ. ಅವಳು ಯಂತ್ರ ನಡೆಸುವ ಮೇಜಿನ ಮುಂದೆ ಕೂರುವಷ್ಟರಲ್ಲಿ ಪತ್ರಿಕೆಯ ಫೋಟೋಗ್ರಾಫರ್ ಅಡ್ಡ ಬಂದ.

“ಮೇಜಿನ ಹತ್ರ ಗಂಡಸರು ಯಾರಾದ್ರೂ ಕೂತ್ಕೊಳ್ಳಿ ಸಾರ್, ಪೇಪರಲ್ಲಿ ಗತ್ತಾಗಿರುತ್ತೆ. ಈ ಹುಡುಗಿ ಪರದೆ ದಾರ ಹಿಡ್ಕೊಳ್ಳಲಿ, ಚೆನ್ನಾಗಿ ಕಾಣ್ತಾರೆ.”

ಹಾರ್ಟ್‌ನಾಲ್ ಮುಜುಗರದಿಂದ ಅವಳ ಕಡೆ ನೋಡಿದರು. ನೆರಿಡಾ ಎದ್ದು ಹೋಗಿ ದಾರ ಹಿಡಿದಳು. ಮರ್ವ್, ಟೈ ಕಟ್ಟಿ ಕುತ್ತಿಗೆ ಕೆಂಪಾಗಿದ್ದವನು, ಅವಳ ಕುರ್ಚಿಯಲ್ಲಿ ಕೂತ. ಮೇಜಿನ ಮೇಲೆ ಸಣ್ಣ ಸ್ವಿಚ್ಚುಗಳ ಒಂದು ಸಾಲಿತ್ತು. ಪಾದರಸದ ಯಾವ ಗೂಡಿನಿಂದ ಕೆಲಸ ಶುರುಮಾಡಬೇಕೆಂದು ಯಂತ್ರಕ್ಕೆ ಹೇಳುವುದು ಅವೇ. ಪ್ರತಿ ಸಲ ಗುಂಡಿ ಒತ್ತುವ ಮೊದಲು ಅವುಗಳ ಮೇಲೆ ಬೆರಳಾಡಿಸಿ ನೋಡುವುದು ನೆರಿಡಾಳ ಅಭ್ಯಾಸ. ಮರ್ವ್‌ಗೆ ಆ ಅಭ್ಯಾಸವಿರಲಿಲ್ಲ.

ಆರ್ಪ್‌ವುಡ್ ತೆಳ್ಳಗಿನ, ಬೂದು ಸೂಟಿನ, ಒಳ್ಳೆಯ ಮೂಡಿನಲ್ಲಿದ್ದ ಮನುಷ್ಯ. “ನಾನು ಗುರುವಾರ ಹುಟ್ಟಿದ್ದು ಅಂತ ನಮ್ಮಮ್ಮ ಹೇಳ್ತಿದ್ರು. ನಿಮ್ಮ ಯಂತ್ರ ಏನಂತದೋ ನೋಡೋಣ,” ಎಂದು ಬಗ್ಗಿ, ಎಲ್ಲರೂ ನೋಡುತ್ತಿರುವಂತೆ ಗುಂಡಿ ಒತ್ತಿದರು.

ಐವಿ ಗುರುವಾರ ಎನ್ನಲಿಲ್ಲ, ಶುಕ್ರವಾರ ಎನ್ನಲಿಲ್ಲ. ಹಾಡಿದಳು. ಲೌಡ್‌ಸ್ಪೀಕರಿನಿಂದ ಮೂಗು ಕಟ್ಟಿದ ಕಹಳೆಯಂಥ ದನಿಯಲ್ಲಿ, ಮದುವಣಗಿತ್ತಿ ಚರ್ಚಿನೊಳಕ್ಕೆ ನಡೆದು ಬರುವಾಗ ನುಡಿಸುವ ವಾದ್ಯ ಹೊರಟಿತು. ಆ ಊರಿನಲ್ಲಿ ಮಗುವಿಗೂ ಗೊತ್ತಿರುವ ಧಾಟಿ.

ನೆರಿಡಾ ಪರದೆಯ ದಾರವನ್ನು ಬಿಗಿಯಾಗಿ ಹಿಡಿದುಕೊಂಡಳು. ಗೊತ್ತಾಗಿಹೋಗಿದೆ, ಯಾರೋ ಹೇಳಿಕೊಟ್ಟಿದ್ದಾರೆ, ಎಲ್ಲರ ಮುಂದೆ ಬಟಾಬಯಲು ಮಾಡುತ್ತಿದ್ದಾರೆ ಎಂದೇ ಅಂದುಕೊಂಡಳು. ಆಮೇಲೆ ಮರ್ವ್‌ನ ಮುಖ ನೋಡಿದಳು. ಅವನ ಕಿವಿಗಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದವು, ಬೆರಳುಗಳು ಸ್ವಿಚ್ಚಿನಿಂದ ಸ್ವಿಚ್ಚಿಗೆ ತಡಕಾಡುತ್ತಿದ್ದವು. ಗಾಬರಿಯಲ್ಲಿ ಅವನು ಒತ್ತಿದ ಯಾವುದೋ ಗುಂಡಿಗೆ ವಾದ್ಯ ಮತ್ತೆ ಮೊದಲಿನಿಂದ ಶುರುವಾಯಿತು. ಅವಮಾನ ಮಾಡಲು ಹೊರಟವನ ಮುಖ ಹಾಗಿರುವುದಿಲ್ಲ. ಇದು ಉಡುಗೊರೆ, ತಪ್ಪು ಹೊತ್ತಿನಲ್ಲಿ ಬಿಚ್ಚಿಕೊಂಡ ಉಡುಗೊರೆ, ಎಂದು ಅವಳಿಗೆ ಹೊಳೆಯಿತು.

“ಏನ್ ಡಾಕ್ಟ್ರೇ ಇದು? ಯಾರ ಮದುವೆ?” ಎಂದರು ಆರ್ಪ್‌ವುಡ್. ಹಾರ್ಟ್‌ನಾಲ್ ಮರ್ವ್‌ನ ಕಡೆ ನೋಡಿದರು. ಪತ್ರಿಕೆಯವನು ಪೆನ್ಸಿಲ್ ತೆಗೆದ.

“ಐವಿದು ಸಾರ್.”

ಹೇಳಿದವಳು ನೆರಿಡಾ. ಜೀವಮಾನದಲ್ಲಿ ಮೊದಲ ಸಲ ಉತ್ತರ ಅವಳ ನಾಲಿಗೆಗೆ ಹೊತ್ತಿಗೆ ಸರಿಯಾಗಿ ಬಂದಿತ್ತು.

“ಯಾವ ಐವಿ?”

“ಇವಳೇ ಸಾರ್, ಯಂತ್ರ. ಐದು ವರ್ಷದಿಂದ ನಾವು ಐವಿ ಅಂತಲೇ ಕರೆಯೋದು. ಇವತ್ತು ಹೆಸರು ಬದಲಾಗ್ತಿದೆಯಲ್ಲ, ಅದಕ್ಕೆ ಮದುವೆ ವಾದ್ಯ.”

ಆರ್ಪ್‌ವುಡ್ ತಲೆ ಹಿಂದಕ್ಕೆ ವಾಲಿಸಿ ನಕ್ಕರು. ಹಾರ್ಟ್‌ನಾಲ್‌ಗೆ ಹೋದ ಜೀವ ಬಂದಂತಾಗಿ ಅವರೂ ನಕ್ಕರು. “ಭೇಷ್,” ಎಂದರು ಆರ್ಪ್‌ವುಡ್. “ಆದರೆ ಕಾನೂನು ಗೊತ್ತಲ್ಲ? ಮದುವೆ ಆದ್ಮೇಲೆ ಐವಿ ಇವತ್ತು ಸಂಜೆನೇ ಕೆಲಸ ಬಿಡಬೇಕಾಗುತ್ತೆ. ನಾಳೆಯಿಂದ ನಿಮ್ಮ ನದಿ ಲೆಕ್ಕ ಯಾರಪ್ಪಾ ಮಾಡೋರು?”

ಗಂಡಸರೆಲ್ಲ ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ನೆರಿಡಾ ಬಚಾವಾಗಿದ್ದಳು. ಬಿಡಲು ಅವಳಿಗೂ ಮನಸ್ಸಿತ್ತು. ಆದರೆ ಬಾಗಿಲ ಬಳಿ ಸಾಲಾಗಿ ನಿಂತಿದ್ದ ಮಹಡಿಯ ಹುಡುಗಿಯರು ಯಾರೂ ನಗುತ್ತಿರಲಿಲ್ಲ.

“ಹಿಂದಿನ ಐವಿ ಹಾಗೇ ಬಿಟ್ಟು ಹೋದಳು ಸಾರ್,” ಎಂದಳು. “ನಮ್ಮಲ್ಲೆಲ್ಲ ಜಾಣೆ ಅವಳೇ. ಮದುವೆಯಾದಳು, ಹೋಗು ಅಂದ್ರು. ಅವಳ ಹೆಸರೇ ಇವಳಿಗೆ ಇಟ್ಟಿರೋದು. ಇವಳು ನಾಳೆನೂ ಇರ್ತಾಳೆ, ಹೆಸರು ಏನಾದ್ರೂ ಆಗಲಿ.”

ವಾದ್ಯ ಆ ಹೊತ್ತಿಗೆ ತಾನೇ ಮುಗಿದಿತ್ತು. ಆರ್ಪ್‌ವುಡ್‌ರ ನಗು ಮುಖದ ಮೇಲೆ ಅರ್ಧಕ್ಕೇ ನಿಂತಿತ್ತು. ಅವರು ಹಿತ್ತಾಳೆಯ ಫಲಕದ ಪರದೆಯ ಕಡೆ ತಿರುಗಿ, “ದಾರ ಎಳೀರಿ,” ಎಂದರು. ನೆರಿಡಾ ಎಳೆದಳು. ಡರ್ವಾಕ್ ಎಂಬ ಹೆಸರಿಗೆ ಎಲ್ಲರೂ ಸಣ್ಣಗೆ ಚಪ್ಪಾಳೆ ತಟ್ಟಿದರು.

ಟೀಗೆ ಮಿಸೆಸ್ ಕ್ವೇಫ್ ಕೊಬ್ಬರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕ್ ಮಾಡಿದ್ದರು. ನೆರಿಡಾ ಅದನ್ನು ಮುಟ್ಟಲಿಲ್ಲ. ಬಾಯಿ ಹರಿಯಬಿಟ್ಟೆನಲ್ಲ ಎಂದು ಮೂಲೆಯಲ್ಲಿ ನಿಂತು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಆರ್ಪ್‌ವುಡ್ ಕಪ್ಪು ಹಿಡಿದುಕೊಂಡು ನೇರವಾಗಿ ಅವಳ ಹತ್ತಿರವೇ ಬಂದರು. ಹಾರ್ಟ್‌ನಾಲ್ ಅವರ ಹಿಂದೆಯೇ.

“ಆ ಹುಡುಗಿ ಈಗೇನು ಮಾಡ್ತಿದಾಳೆ?”

“ಸೇಬು ಪ್ಯಾಕ್ ಮಾಡ್ತಾಳೆ ಸಾರ್. ಸೀಸನ್ನಿನಲ್ಲಿ.”

ಅವರು ಟೀ ಕಲಕಿದರು, ಕಲಕುತ್ತಲೇ ಇದ್ದರು. “ಆ ಕಾನೂನಿಗೆ ಒಂದು ಸಣ್ಣ ಕಿಟಕಿ ಇದೆ. ವಿಶೇಷ ಸಂದರ್ಭ ಅಂತ. ಈಕೆ ಇಲ್ಲದಿದ್ರೆ ಕೆಲಸ ನಿಲ್ಲುತ್ತೆ ಅಂತ ಮುಖ್ಯಸ್ಥರು ಬರೆದು ಕೇಳಿದ್ರೆ, ಮದುವೆ ಆದರೂ ಉಳಿಸ್ಕೋಬಹುದು. ನಾನು ಬಂದಾಗಿನಿಂದ ನೋಡ್ತಿದೀನಿ, ಕೇಳಿದವರು ಬೆರಳೆಣಿಕೆ. ಕೇಳಬಹುದು ಅನ್ನೋದೇ ಜನಕ್ಕೆ ಗೊತ್ತಿಲ್ಲ.”

“ನನಗೆ ಗೊತ್ತಿರಲಿಲ್ಲ,” ಎಂದರು ಹಾರ್ಟ್‌ನಾಲ್, ನಾಚಿಕೆಯಿಂದ.

“ನಾನು ಕೇಳಿದ್ರೆ?” ಎಂದಳು ನೆರಿಡಾ.

“ನಿಮಗೆ ಮದುವೆ ಗೊತ್ತಾಗಿದೆಯಾ ಮಿಸ್ ಪೈಬಸ್?”

“ಗೊತ್ತಾಗೋದಲ್ಲ ಸಾರ್, ನಂದು—”

ಆರ್ಪ್‌ವುಡ್ ಚಮಚ ಎತ್ತಿ ತಡೆದರು. “ಒಂದ್ನಿಮಿಷ. ಮದುವೆ ಆಗಿಹೋಗಿ ಮುಚ್ಚಿಟ್ಟವರ ವಿಷಯ ನನ್ನ ಕಿವಿಗೆ ಬಿದ್ರೆ ನಾನು ಬರೆದು ಕಳಿಸಲೇಬೇಕು, ಆಮೇಲೆ ನನ್ನ ಕೈಲಿ ಏನೂ ಇರಲ್ಲ. ಮುಂದೆ ಮದುವೆ ಆಗಬೇಕು ಅಂತಿರೋರ ವಿಷಯ ಬೇರೆ. ಅವರು ಈಗಲೇ ಕೇಳಿ ಇಟ್ಕೋಬಹುದು. ನೋಡಿ, ಸ್ವಲ್ಪ ಯೋಚನೆ ಮಾಡಿ ಹೇಳಿ. ಯಾವಾಗ ಅಂದ್ಕೊಂಡಿದೀರಿ?”

ನೆರಿಡಾ ಯೋಚನೆ ಮಾಡಲಿಲ್ಲ. “ವಸಂತದಲ್ಲಿ ಸಾರ್. ಸೇಬಿನ ಹೂ ಬಿಟ್ಟ ಮೇಲೆ.”

“ಒಳ್ಳೇ ಕಾಲ,” ಎಂದು ಆರ್ಪ್‌ವುಡ್ ಟೀ ಮುಗಿಸಿದರು. ಕಾರು ಹತ್ತುವ ಮೊದಲು ಹಾರ್ಟ್‌ನಾಲ್‌ರ ಕೈ ಕುಲುಕಿ, “ಹಿಂದಿನವಳಿಗೂ ನೀವು ಕೇಳಬಹುದಿತ್ತು,” ಎಂದು ಮಾತ್ರ ಹೇಳಿ ಹೊರಟರು.

ಕಾರಿನ ಸದ್ದು ಬಂದರಿನ ತಿರುವಿನಲ್ಲಿ ಕರಗಿದ ಮೇಲೆ ನೆರಿಡಾ ಮರ್ವ್‌ನ ಕಡೆ ತಿರುಗಿದಳು.

“ಎಷ್ಟು ದಿನದಿಂದ ಗೊತ್ತು ನಿಮಗೆ?”

ಮಿಸೆಸ್ ಕ್ವೇಫ್ ಕಪ್ಪು ಬಸಿಗಳನ್ನು ಟ್ರೇಗೆ ಜೋಡಿಸುತ್ತಲೇ ಹೇಳಿದರು. “ಆ ಚರ್ಚಲ್ಲಿ ಗಂಟೆ ಹೊಡೆಯೋನು ನನ್ನ ತಂಗಿ ಗಂಡ ಕಣೇ. ನಿನಗೆ ಸಾಕ್ಷಿ ನಿಂತೋನೇ ಅವನು. ನೀನು ಸೋಮವಾರ ಕೋಟು ತೆಗೆಯೋಕೆ ಮುಂಚೆ ನಮಗೆಲ್ಲ ಗೊತ್ತಾಗಿತ್ತು.”

“ಎಲ್ಲರಿಗೂ?”

“ನನಗೂ,” ಎಂದರು ಹಾರ್ಟ್‌ನಾಲ್. “ಗೊತ್ತಿಲ್ಲದ ಹಾಗಿರೋದು ನನ್ನ ಕೆಲಸ ಅಂದ್ಕೊಂಡಿದ್ದೆ.”

ಮರ್ವ್ ಟೈ ಸಡಿಲಿಸಿ ನೆಲ ನೋಡುತ್ತಿದ್ದ. “ಇವತ್ತಿಗೆ ಎರಡು ವರ್ಷ ಆಯ್ತಲ್ಲ ನೆರಿ. ಅವರು ಹೋದ್ಮೇಲೆ ಟೀ ಹೊತ್ತಿಗೆ ನಿನಗೆ ಕೇಳಿಸೋಣ ಅಂತ ಬೆಳಿಗ್ಗೆನೇ ಮೇಲಿನ ಗೂಡಿಗೆ ತುಂಬಿಸಿ ಇಟ್ಟೆ. ಒಂದ್ಸಲ ಹಾಡಿಸಿ ನೋಡಿದೆ. ಸ್ವಿಚ್ಚು ವಾಪಸ್ ಇಡೋದೇ ಮರೆತುಬಿಟ್ಟೆ.”

“ನನ್ನ ಕುರ್ಚಿ ನನಗೆ ಬಿಟ್ಟಿದ್ರೆ ಹೀಗಾಗ್ತಿತ್ತಾ?” ಎಂದು ನೆರಿಡಾ ಬೈದಳು. ಬೈಯುತ್ತಲೇ ಅಳು ಬಂತು, ಅಳುತ್ತಲೇ ನಗು. ಸಿಟ್ಟೂ ಬಂದಿತ್ತು, ಸುಳ್ಳಲ್ಲ. ಎರಡು ವರ್ಷ ತಾನೊಬ್ಬಳೇ ಹೊತ್ತು ಬೆನ್ನು ಬಗ್ಗಿಸಿಕೊಂಡಿದ್ದ ಮೂಟೆಗೆ ಇಷ್ಟು ಜನ ಹಿಂದಿನಿಂದ ಕೈ ಜೋಡಿಸಿದ್ದರು, ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತೆ? ಆದರೆ ಹೇಳಿದ್ದರೆ ಅವರೂ ತಪ್ಪಿನಲ್ಲಿ ಪಾಲುದಾರರಾಗುತ್ತಿದ್ದರು, ಅದೂ ಅವಳಿಗೆ ತಿಳಿಯಿತು. ಮಿಸೆಸ್ ಕ್ವೇಫ್ ಅವಳ ಕೈಗೆ ಒಂದು ಲ್ಯಾಮಿಂಗ್ಟನ್ ಇಟ್ಟರು. ಈ ಸಲ ತಿಂದಳು.

ಹಾರ್ಟ್‌ನಾಲ್ ಮರುದಿನವೇ ಬರೆದರು. ಉತ್ತರ ಬೇಗ ಬರಲಿಲ್ಲ. ಕ್ಯಾನ್ಬೆರಾದವರು ಯಾವುದಕ್ಕೆ ಬೇಗ ಉತ್ತರ ಕೊಟ್ಟಿದ್ದಾರೆ? ಆರ್ಪ್‌ವುಡ್ ಒಬ್ಬರು ಒಳ್ಳೆಯವರಾದ ಮಾತ್ರಕ್ಕೆ ಮೇಜಿನ ಆಚೆ ಕೂತ ಉಳಿದವರೂ ಒಳ್ಳೆಯವರಾಗಿರಬೇಕೆಂದಿಲ್ಲ, ಇಲ್ಲ ಎಂದರೆ ಇಲ್ಲ. ನೆರಿಡಾ ಟಪಾಲಿನವನ ಸೈಕಲ್ ಗಂಟೆಗೆ ಕಿವಿ ಕೊಟ್ಟು ಟೇಪು ಪಂಚ್ ಮಾಡಿದಳು, ತಪ್ಪು ಮಾಡಿದಳು, ಮತ್ತೆ ಮಾಡಿದಳು. ಮಿಸ್ ಎಂದು ಕರೆದಾಗಲೆಲ್ಲ ಹುಡುಗಿಯರು ಬೇಕೆಂದೇ ಒತ್ತಿ ಕರೆದು ಕಣ್ಣು ಮಿಟುಕಿಸುತ್ತಿದ್ದರು. ಡರ್ವಾಕ್ ಎಂಬ ಹೆಸರು ವಾರ್ಷಿಕ ವರದಿಯಲ್ಲಿ ಬಂತು, ಪತ್ರಿಕೆಯಲ್ಲಿ ಬಂತು, ಫಲಕದ ಮೇಲೆ ಹೊಳೆಯಿತು. ಬಾಯಲ್ಲಿ ಮಾತ್ರ ಯಾರಿಗೂ ಬರಲಿಲ್ಲ. ಐವಿಗೆ ಹುಷಾರಿಲ್ಲ ಎಂದೇ ಹಾರ್ಟ್‌ನಾಲ್ ಕೂಡ ಹೇಳುತ್ತಿದ್ದರು.

ಸೇಬಿನ ಹೂ ಬಿಟ್ಟು ಹ್ಯೂಅನ್ ಕಣಿವೆ ಬೆಳ್ಳಗಾದ ವಾರ ಒಂದು ಸಂಜೆ ಅವರು ಬಾಗಿಲಲ್ಲಿ ನಿಂತು, ಕನ್ನಡಕ ಒರೆಸುತ್ತ, “ಒಪ್ಪಿದ್ದಾರೆ ನೆರಿಡಾ,” ಎಂದರು. ಅಷ್ಟೇ ಹೇಳಿದ್ದು. ಅವಳು ಯಂತ್ರ ನಿಲ್ಲಿಸದೆ, ಕೋಟಿನ ಗುಂಡಿ ಹಾಕದೆ, ದೊಡ್ಡ ಅಂಚೆ ಕಚೇರಿಯ ಮುಂದಿನ ಟೆಲಿಫೋನ್ ಗೂಡಿಗೆ ಓಡಿದಳು. ಕ್ಯಾಂಪಿನಲ್ಲಿ ಟೆಲಿಫೋನ್ ಇದ್ದದ್ದು ಅಡುಗೆಮನೆಯಲ್ಲಿ. ರಾತ್ರಿ ಊಟದ ಹೊತ್ತು, ತಟ್ಟೆಗಳ ಸದ್ದಿನ ನಡುವೆ ಅಡುಗೆಯವನು ಎತ್ತಿಕೊಂಡ.

“ಬ್ರೋನೆಕ್‌ನ ಕರೀತೀರಾ?”

“ಯಾವ ಬ್ರೋನೆಕ್? ಇಲ್ಲಿ ಮೂರು ಜನ ಇದಾರೆ.”

ಇಷ್ಟು ದಿನ ಈ ಪ್ರಶ್ನೆಗೆ ಅವಳು ‘ಮಾಲೆತ್ಸ್ಕಿ, ಪರಿಚಯದವಳು ಮಾತಾಡುತ್ತಿರುವುದು’ ಎನ್ನುತ್ತಿದ್ದಳು.

“ಹೆಂಡತಿ ಇರೋ ಬ್ರೋನೆಕ್.”

“ನನಗೆ ಗೊತ್ತಿರೋ ಮಟ್ಟಿಗೆ ಮೂರು ಜನಕ್ಕೂ ಇಲ್ಲಮ್ಮಾ.”

“ಒಬ್ಬರಿಗಿದೆ. ನಾನೇ ಮಾತಾಡ್ತಿರೋದು.”

ರಿಸೀವರನ್ನು ಎಲ್ಲೋ ಇಟ್ಟ ಸದ್ದು, ಯಾರೋ ಜೋರಾಗಿ ಕೂಗಿದ್ದು, ಆಮೇಲೆ ಓಡಿ ಬಂದ ಉಸಿರು.

“ನೆರಿ? ಏನಾಯ್ತು? ಯಾರಿಗೆ ಏನಾಯ್ತು? ಅವನು ಹೆಂಡತಿ ಅಂದ. ಎಲ್ಲರ ಮುಂದೆ ಅಂದುಬಿಟ್ಟ.”

“ಅನ್ನಲಿ ಬಿಡು. ಕೇಳು, ನೀನು ನನ್ನ ಇನ್ನೊಂದ್ಸಲ ಮದುವೆ ಆಗಬೇಕು.”

“ಮೊದಲನೇದರಲ್ಲಿ ಏನು ಕಡಿಮೆ ಆಗಿತ್ತು?”

“ಜನ.”

ಆಚೆ ಕಡೆ ತಟ್ಟೆಗಳ ಸದ್ದೂ ನಿಂತಿತ್ತು. ಇಡೀ ಅಡುಗೆಮನೆ ಕಿವಿಗೊಟ್ಟು ನಿಂತಿರಬೇಕು. ಬ್ರೋನೆಕ್ ದನಿ ತಗ್ಗಿಸಿ, ಕೇಳಲು ಹೆದರಿದವನಂತೆ ಕೇಳಿದ.

“ನಿನ್ನ ಕೆಲಸ?”

“ಇದೆ.”

“ಮದುವೆ ಆದಮೇಲೆ?”

“ಆದಮೇಲೂ.”

ಅವನು ಪಕ್ಕಕ್ಕೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಹೇಳಿದ. ಆಮೇಲೆ ಎದ್ದ ಗದ್ದಲದಲ್ಲಿ ಮತ್ತೇನೂ ಕೇಳಿಸಲಿಲ್ಲ. ಹಾಕಿದ್ದ ನಾಣ್ಯ ತೀರಿ ಟೆಲಿಫೋನ್ ಸತ್ತ ಮೇಲೂ ಅವಳು ಸ್ವಲ್ಪ ಹೊತ್ತು ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಹೊರಗೆ ಸಾಲಿನಲ್ಲಿದ್ದ ಮುದುಕನೊಬ್ಬ ಗಾಜು ತಟ್ಟಿದ. ನೆರಿಡಾ ಮಾಲೆತ್ಸ್ಕಿ ರಿಸೀವರ್ ಇಟ್ಟು, ಅವನಿಗೆ ಬಾಗಿಲು ಹಿಡಿದು, ಟ್ರಾಮಿನ ಕಡೆಗೆ ನಡೆದಳು.